ಅರಮನೆಯಿಲ್ಲದ ಹಸ್ತಿನಾವತಿ

ಉತ್ತರ ಪ್ರದೇಶದ ಮೀರತ್‌ನಿಂದ ಹೊರಟ ಬಸ್ಸು ಮವಾನಾ ಪಟ್ಟಣವನ್ನು ದಾಟಿತೆಂದರೆ ರಸ್ತೆಯ ಎರಡೂ ಮಗ್ಗುಲಲ್ಲಿ ಕಬ್ಬಿನ ಗದ್ದೆಗಳೇ. ಈಶಾನ್ಯಕ್ಕೆ ಒಟ್ಟು 37 ಕಿಲೋಮೀಟರ್‌ನಷ್ಟು ಸಾಗಿದ ಮೇಲೆ ಕಂಡಕ್ಟರ್ ‘ಹಸ್ತಿನಾಪುರ್’ ಎಂದು ಕೂಗುತ್ತಾನೆ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಆ ಹೆಸರು ಕಿವಿಗೆ ಬಿದ್ದೊಡನೆ ಮೈ ಜುಮ್ಮೆನ್ನದೆ ಇರದು. ಇಳಿದು ನೋಡಿದರೆ ಚಹಾದಂಗಡಿ, ಟ್ರ್ಯಾಕ್ಟರು, ಯಾತ್ರಿಕರ ಧರ್ಮಶಾಲೆ. 1988ರಿಂದ 1990ರವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಕಂಡ ಥಳಥಳಿಸುವ ಕಂಬಗಳ ಸಭಾಭವನವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗಂತೂ ಪೂರಾ ನಿರಾಸೆ.

ಊರಂಚಿನಲ್ಲಿ ಮುಳ್ಳುಗಿಡಗಳ ನಡುವೆ ಉದ್ದವಾದ ಮಣ್ಣಿನ ದಿಬ್ಬವೊಂದಿದೆ. ಸ್ಥಳೀಯರು ಅದನ್ನು ‘ಉಲ್ಟಾ ಖೇಡಾ’, ಅಂದರೆ ತಲೆಕೆಳಗಾದ ಊರು ಎನ್ನುತ್ತಾರೆ. ವಿದುರನ ದಿಬ್ಬವೆಂಬ ಹೆಸರೂ ಉಂಟು. ದಿಬ್ಬದ ಬದಿಯಲ್ಲಿ ‘ಬೂಢೀ ಗಂಗಾ’, ಎಂದರೆ ಮುದಿಗಂಗೆ. ಒಂದು ಕಾಲಕ್ಕೆ ಗಂಗಾನದಿ ಇಲ್ಲೇ ಹರಿಯುತ್ತಿತ್ತು. ಈಗ ಪಾತ್ರ ಬದಲಿಸಿ ಹಲವು ಕಿಲೋಮೀಟರ್ ದೂರ ಸರಿದಿದೆ. ಉಳಿದಿರುವುದು ಹಳ್ಳದಂಥ ಒಂದು ಸೀಳು. ಅದರ ದಡದಲ್ಲಿ ದ್ರೌಪದಿಯ ಘಾಟ್, ಕರ್ಣನ ಗುಡಿ. ಇತ್ತ ಪಾಂಡವರು ಪೂಜಿಸಿದರೆಂದು ನಂಬುವ ಪಾಂಡವೇಶ್ವರ.

ಕೈಯಲ್ಲಿ ಎಸ್.ಎಲ್. ಭೈರಪ್ಪನವರ ‘ಪರ್ವ’ ಹಿಡಿದು ಹೋದ ಓದುಗನಿಗೆ ಮಾತ್ರ ಈ ದಿಬ್ಬ ಅಷ್ಟಾಗಿ ನಿರಾಸೆ ಮಾಡುವುದಿಲ್ಲ. 1979ರಲ್ಲಿ ಪ್ರಕಟವಾದ ಆ ಕಾದಂಬರಿಯ ಹಸ್ತಿನಾವತಿಯಲ್ಲೂ ಥಳಥಳಿಸುವುದು ಏನೂ ಇಲ್ಲ. ಬರೆಯುವ ಮುನ್ನ ಭೈರಪ್ಪನವರು ಮಹಾಭಾರತದೊಂದಿಗೆ ಹೆಸರು ಬೆಸೆದುಕೊಂಡ ಊರುಗಳನ್ನು ಸುತ್ತಿದ್ದರು. ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿಯೆಂಬ ಪದ್ಧತಿ ಉಳಿದಿದ್ದ ಹಿಮಾಲಯದ ಹಳ್ಳಿಗಳನ್ನು ಕಣ್ಣಾರೆ ಕಂಡಿದ್ದರು. ದೇವತೆಗಳು ಅವರ ಪುಸ್ತಕದಲ್ಲಿ ಪರ್ವತದ ಮೇಲೆ ವಾಸಿಸುವ ಒಂದು ಜನಾಂಗ. ಸೀರೆ ಆಕಾಶದಿಂದ ಇಳಿಯುವುದಿಲ್ಲ. ಅಸ್ತ್ರಗಳು ಮಂತ್ರಕ್ಕೆ ಉರಿಯುವುದಿಲ್ಲ. ಹದಿನೆಂಟು ದಿನದ ಯುದ್ಧವೆಂದರೆ ಲಕ್ಷಾಂತರ ಜನರಿಗೆ ಅನ್ನ ನೀರು ಒದಗಿಸುವ ಪಡಿಪಾಟಲು, ಹೊಲಸು, ನೊಣ, ಕೊಳೆಯುವ ಹೆಣಗಳ ನಾತ.

ಪುಸ್ತಕ ಬಂದಾಗ ಹಲವರು ಕೋಪಿಸಿಕೊಂಡದ್ದು ಉಂಟು. ದೇವರನ್ನು ತೆಗೆದುಹಾಕಿದರೆ ಭಾರತದಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ಸಹಜವಾದದ್ದೇ. ಉಳಿಯುವುದು ದುಃಖ. ಅದೂ ಮೊದಲಿಗಿಂತ ಭಾರವಾಗಿ. ಮೂಲದಲ್ಲಿ ಘಟೋತ್ಕಚ ಸತ್ತಾಗ, ಅರ್ಜುನನಿಗೆಂದು ಮೀಸಲಿದ್ದ ಶಕ್ತ್ಯಾಯುಧ ಖರ್ಚಾಯಿತೆಂದು ಕೃಷ್ಣ ಹರ್ಷಪಡುತ್ತಾನೆ. ಕೇಳುವವರ ಗಮನವೂ ಆಯುಧದ ಲೆಕ್ಕದ ಕಡೆಗೇ ಹರಿಯುತ್ತದೆ. ಕಾದಂಬರಿ ಭೀಮನ ಮನಸ್ಸಿನೊಳಗೆ ಹೊಗುತ್ತದೆ. ಅಲ್ಲಿ ಆಯುಧದ ಲೆಕ್ಕವಿಲ್ಲ, ಕಾಡಿನಲ್ಲಿ ಬಿಟ್ಟುಬಂದ ಹೆಂಡತಿ ಇದ್ದಾಳೆ, ಅವಳು ಒಂಟಿಯಾಗಿ ಬೆಳೆಸಿದ ಮಗನಿದ್ದಾನೆ. ಕುಂತಿಗೆ ಮಂತ್ರದ ಆಸರೆಯಿಲ್ಲ. ಗಂಡನ ಮಾತಿಗೆ ಒಪ್ಪಿ ಪರಪುರುಷರಿಂದ ಮಕ್ಕಳನ್ನು ಪಡೆದ ನೆನಪನ್ನು ಮುಪ್ಪಿನಲ್ಲಿ ಒಬ್ಬಳೇ ಹೊರಬೇಕು. ಅವು ಪಾಂಡುವಿನ ಮಕ್ಕಳೇ ಎಂದು ನಿಯೋಗ ಧರ್ಮ ಹೇಳುತ್ತದೆ, ಅಲ್ಲವೆಂದು ದುರ್ಯೋಧನ ಹೇಳುತ್ತಾನೆ. ಅಂದು ಎಲ್ಲರೂ ನಂಬಿದ್ದ ಒಂದು ಧರ್ಮ ಇಂದು ಅಪವಾದವಾದರೆ ನಂಬಿ ನಡೆದವಳ ಗತಿಯೇನು? ಇಡೀ ಯುದ್ಧ ಈ ಒಂದು ಪ್ರಶ್ನೆಯ ಮೇಲೆ ನಿಂತಂತಿದೆ. ಐವರಿಗೆ ಹಂಚಿಹೋದ ಪ್ರೀತಿಯಲ್ಲಿ ತನ್ನ ಪಾಲೆಷ್ಟು ಎಂದು ಲೆಕ್ಕ ಹಾಕುತ್ತ ಕುಳಿತ ದ್ರೌಪದಿಗೆ ಕೊನೆಯಲ್ಲಿ ಐವರು ಮಕ್ಕಳೂ ಇಲ್ಲ. ಬಾಲ್ಯದಲ್ಲೇ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡಿದ್ದ ಲೇಖಕರು ಇವನ್ನೆಲ್ಲ ಕಣ್ಣೀರಿಲ್ಲದೆ, ತಣ್ಣಗೆ ಬರೆದಿದ್ದಾರೆ. ಅದಕ್ಕೇ ಓದುವವರಿಗೆ ಕಷ್ಟವಾಗುತ್ತದೆ.

ಭೈರಪ್ಪನವರು ಲೇಖನಿಯಿಂದ ಮಾಡಿದ ಕೆಲಸವನ್ನು ಇದೇ ದಿಬ್ಬದಲ್ಲಿ ಕಾಲು ಶತಮಾನಕ್ಕೂ ಮೊದಲು ಇನ್ನೊಬ್ಬರು ಗುದ್ದಲಿಯಿಂದ ಮಾಡಿದ್ದರು. ಪುರಾತತ್ವ ಇಲಾಖೆಯ ಬಿ.ಬಿ. ಲಾಲ್ 1950ರಿಂದ 1952ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಒಂದರ ಮೇಲೊಂದು ಕುಳಿತ ಐದು ಕಾಲದ ವಸತಿಗಳು ಸಿಕ್ಕವು. ಕೆಳಗಿನಿಂದ ಎರಡನೆಯದರಲ್ಲಿ ಸಿಕ್ಕ ಮಡಕೆ ಚೂರುಗಳು ಬೂದು ಬಣ್ಣದವು. ಮೇಲೆ ಕಪ್ಪು ಗೆರೆ, ಚುಕ್ಕೆ, ಸ್ವಸ್ತಿಕ. ಚಿತ್ರಿತ ಬೂದು ಮಡಕೆ ಎಂದು ಇತಿಹಾಸದ ಪಠ್ಯದಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ.

ಆದರೆ ಅದು ಬೂದು ಏಕೆ ಎಂದು ಕೇಳುವವರು ಕಡಿಮೆ. ನಮ್ಮ ಕುಂಬಾರರ ಮಡಕೆ ಕೆಂಪು, ಏಕೆಂದರೆ ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಕೂಡಿ ತುಕ್ಕಿನ ಬಣ್ಣ ತಾಳುತ್ತದೆ. ಅದೇ ಮಣ್ಣನ್ನು ನುಣ್ಣಗೆ ಜರಡಿ ಹಿಡಿದು, ತಿಗರಿಯಲ್ಲಿ ತೆಳ್ಳಗೆ ಎತ್ತಿ, ಆವಿಗೆಗೆ ಗಾಳಿ ಹೋಗದಂತೆ ಮುಚ್ಚಿ ಸುಟ್ಟರೆ ಕಬ್ಬಿಣಕ್ಕೆ ಆಮ್ಲಜನಕ ಸಾಲದು. ಆಗ ಬೂದು ಬಣ್ಣ. ಯಾವಾಗ ಮುಚ್ಚಬೇಕು, ಎಷ್ಟು ಹೊತ್ತು ಮುಚ್ಚಿರಬೇಕು ಎಂಬುದು ಕೈ ಪಳಗಿದವನಿಗೇ ತಿಳಿಯುವ ಗುಟ್ಟು. ರಸಾಯನಶಾಸ್ತ್ರದ ಹೆಸರು ಕೇಳದ ಆ ಕುಂಬಾರ ಅಪಕರ್ಷಣ ಕ್ರಿಯೆಯನ್ನು ಕೈವಶ ಮಾಡಿಕೊಂಡಿದ್ದ.

ಆ ಪದರದಲ್ಲಿ ಸಿಕ್ಕಿದ್ದು ಇಂಥ ತಟ್ಟೆ ಬಟ್ಟಲುಗಳು, ಮಣ್ಣಿನ ಗೋಡೆಯ ಮನೆಗಳ ಗುರುತು, ಸುಟ್ಟ ಅಕ್ಕಿಕಾಳು, ತಾಮ್ರದ ಸಾಮಾನು, ಗಾಜಿನ ಬಳೆಯ ಚೂರು, ದನ ಕುದುರೆಗಳ ಎಲುಬು. ಅರಮನೆ ಸಿಗಲಿಲ್ಲ. ಲಾಲ್ ಈ ಪದರಕ್ಕೆ ಕೊಟ್ಟ ಕಾಲ ಕ್ರಿ.ಪೂ. 1100ರಿಂದ 800. ಕುರುಕ್ಷೇತ್ರ, ಮಥುರಾ, ಅಹಿಚ್ಛತ್ರ ಮುಂತಾಗಿ ಮಹಾಭಾರತದಲ್ಲಿ ಹೆಸರು ಬರುವ ಎಷ್ಟೋ ಊರುಗಳಲ್ಲಿ ಇದೇ ಮಡಕೆ ದೊರೆತಿದ್ದರಿಂದ ಪಾಂಡವರ ಕಾಲ ಇದೇ ಇರಬೇಕೆಂದು ಅವರು ವಾದಿಸಿದರು. ಮಡಕೆಯಿಂದ ಆ ಕಾಲದ ಜನ ಹೇಗೆ ಬದುಕಿದ್ದರು ಎಂದು ಹೇಳಬಹುದು, ಅರ್ಜುನನಿದ್ದ ಎಂದು ಹೇಳಲಾಗದು ಎಂದು ಬೇರೆ ವಿದ್ವಾಂಸರು ತಗಾದೆ ತೆಗೆದರು. ತಗಾದೆ ಸರಿಯಾದದ್ದೇ, ಸಾಕ್ಷ್ಯ ಹೇಳುವುದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಬಾರದು.

ಆ ವಸತಿ ಕೊನೆಗೊಂಡ ಬಗೆ ಮಾತ್ರ ಎದೆ ತಟ್ಟುವಂಥದ್ದು. ನದಿಯ ಕಡೆಯ ಪಾರ್ಶ್ವ ಪ್ರವಾಹಕ್ಕೆ ಕೊಚ್ಚಿಹೋದ ಗುರುತು ದಿಬ್ಬದ ಕಡಿತದಲ್ಲಿ ಸ್ಪಷ್ಟವಾಗಿ ಕಂಡಿತು. ಲಾಲ್ ಅಷ್ಟಕ್ಕೆ ಸುಮ್ಮನಾಗದೆ ಹಳೆಯ ನದಿಪಾತ್ರದಲ್ಲಿ ರಂಧ್ರ ಕೊರೆಸಿದರು. ಕೊಚ್ಚಿಹೋಗಿದ್ದ ಊರಿನ ಮಣ್ಣಿನ ಹೆಂಟೆಗಳು ಅಲ್ಲಿ ಆಳದಲ್ಲಿ ಸಿಕ್ಕವು. ಪರೀಕ್ಷಿತನ ವಂಶದ ನಿಚಕ್ಷುವೆಂಬ ರಾಜ ಗಂಗೆ ಹಸ್ತಿನಾಪುರವನ್ನು ಕೊಚ್ಚಿಕೊಂಡು ಹೋದಾಗ ಕೌಶಾಂಬಿಗೆ ವಲಸೆ ಹೋದನೆಂದು ಪುರಾಣಗಳು ಹೇಳುತ್ತವೆ. ಆ ಮೇಲೆ ಬಹುಕಾಲ ಇಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಹೀಗೆ ಅಷ್ಟು ರಕ್ತ ಸುರಿಸಿ ಗೆದ್ದ ಊರೂ ಗೆದ್ದವರ ವಂಶಕ್ಕೆ ಕೊನೆಯತನಕ ದಕ್ಕಲಿಲ್ಲ.

ಇಂದಿನ ಹಸ್ತಿನಾಪುರವೂ ನೆಲೆ ತಪ್ಪಿದವರನ್ನು ಕಂಡ ಊರೇ. 1949ರ ಫೆಬ್ರುವರಿ 6ರಂದು ನೆಹರೂ ಇಲ್ಲಿ ಹೊಸ ಪಟ್ಟಣಕ್ಕೆ ಅಡಿಗಲ್ಲಿಟ್ಟರು. 1970ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಇಲ್ಲಿಯ ಹತ್ತಿಗಿರಣಿಯಲ್ಲಿ ಕೆಲಸ ಸಿಕ್ಕಿತು. 1984ರಲ್ಲಿ ಗಿರಣಿ ಮುಚ್ಚಿತು. ಉಳಿದಿದ್ದ 63 ಕುಟುಂಬಗಳಿಗೆ ಬೇರೆ ಜಿಲ್ಲೆಯಲ್ಲಿ ಭೂಮಿ ಮಂಜೂರಾದದ್ದು 2022ರಲ್ಲಿ.

ಯಾತ್ರಿಕರಲ್ಲಿ ಹೆಚ್ಚಿನವರು ಜೈನರು. ಮೂವರು ತೀರ್ಥಂಕರರು ಹುಟ್ಟಿದ ನೆಲವಿದು. ವರ್ಷವಿಡೀ ಉಪವಾಸವಿದ್ದ ಆದಿನಾಥರು ಶ್ರೇಯಾಂಸನ ಕೈಯಿಂದ ಕಬ್ಬಿನ ಹಾಲು ಸ್ವೀಕರಿಸಿದ್ದೂ ಇಲ್ಲೇ ಎಂಬ ನಂಬಿಕೆ. ಅಕ್ಷಯ ತದಿಗೆಯಂದು ಇಂದಿಗೂ ಉಪವಾಸಿಗಳು ಬಂದು ಕಬ್ಬಿನ ಹಾಲು ಕುಡಿದು ಪಾರಣೆ ಮಾಡುತ್ತಾರೆ. ಸುತ್ತಲಿನ ಗದ್ದೆಗಳನ್ನು ನೋಡಿದವರಿಗೆ ಕಥೆಯ ರುಚಿ ಇನ್ನೂ ಹೆಚ್ಚುತ್ತದೆ.

ದ್ರೌಪದಿಯ ಘಾಟಿಗೆ ಬರುವ ಹೆಂಗಸರು ಉತ್ಖನನದ ವರದಿ ಓದಿದವರಲ್ಲ, ಕಾದಂಬರಿ ಓದಿದವರೂ ಅಲ್ಲ. ಅವರಿಗೆ ಬೇಕಾದದ್ದು ಮೂಲ ಮಹಾಭಾರತದಲ್ಲೇ ಇದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಲ್ಲಿಸಿದ್ದರಿಂದ ನಮ್ಮ ಕಡೆ ಗಮಕ ಅಲ್ಲಿಯತನಕ ಹೋಗುವುದು ಅಪರೂಪ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದನಾದರೂ ಅವನನ್ನು ಓದುವವರು ವಿರಳ. ಹದಿನೈದನೆಯದಾದ ಆಶ್ರಮವಾಸಿಕ ಪರ್ವದಲ್ಲಿ, ಯುದ್ಧ ಮುಗಿದು ಹದಿನೈದು ವರ್ಷಕ್ಕೂ ಹೆಚ್ಚಾದ ಮೇಲೆ, ಗಾಂಧಾರಿಯ ದುಃಖ ಇನ್ನೂ ಆರಿರುವುದಿಲ್ಲ. ವ್ಯಾಸರು ಎಲ್ಲರನ್ನೂ ಗಂಗೆಯ ದಡದಲ್ಲಿ ಕೂರಿಸುತ್ತಾರೆ. ಕತ್ತಲಾದ ಮೇಲೆ ನೀರಿನಿಂದ ಸತ್ತವರೆಲ್ಲ ಏಳುತ್ತಾರೆ: ದುರ್ಯೋಧನ, ಕರ್ಣ, ಅಭಿಮನ್ಯು, ಘಟೋತ್ಕಚ, ದ್ರೌಪದಿಯ ಮಕ್ಕಳು. ವೈರವಿಲ್ಲ. ತಾಯಂದಿರು ಮಕ್ಕಳನ್ನು ತಬ್ಬಿಕೊಳ್ಳುತ್ತಾರೆ. ಒಂದು ರಾತ್ರಿ ಮಾತ್ರ. ಬೆಳಗಾಗುವ ಹೊತ್ತಿಗೆ ಎಲ್ಲರೂ ಮತ್ತೆ ನೀರಿಗೆ.

‘ಪರ್ವ’ದಲ್ಲಿ ಸತ್ತವರು ಏಳುವುದಿಲ್ಲ. ಏಳಿಸಿದ್ದರೆ ಪುಸ್ತಕ ಸುಳ್ಳಾಗುತ್ತಿತ್ತು. ಅಲ್ಲಿ ಯುದ್ಧ ಮುಗಿದ ಮೇಲೆ ಉಳಿಯುವುದು ವಿಧವೆಯರು, ಸೈನಿಕರ ಬಲಾತ್ಕಾರಕ್ಕೆ ಬಸಿರಾದ ಹೆಂಗಸರು, ಉತ್ತರ ಹೇಳಲಾರದ ರಾಜರು. 2021ರಲ್ಲಿ ಮೈಸೂರಿನ ರಂಗಾಯಣ ಇದನ್ನು ಸುಮಾರು ಎಂಟು ಗಂಟೆಯ ನಾಟಕವಾಗಿ ಆಡಿತು. ಭೈರಪ್ಪನವರು ತೀರಿಕೊಂಡದ್ದು 2025ರ ಸೆಪ್ಟೆಂಬರ್ 24ರಂದು. ಪ್ರೌಢಶಾಲೆಯ ಮಕ್ಕಳ ಕೈಗೆ ಈ ಪುಸ್ತಕ ಬೇಡ. ಕಾಲೇಜು ಮೆಟ್ಟಿಲು ಹತ್ತಿದವರು ಓದಲಿ, ತಂದೆತಾಯಿಯರೂ ಓದಿ ಮನೆಯಲ್ಲಿ ಜಗಳವಾಡಲಿ.

ಹಸ್ತಿನಾಪುರದಿಂದ ದಕ್ಷಿಣಕ್ಕೆ, ಗಂಗೆಯ ಬಲದಂಡೆಯಲ್ಲೇ, ಗಢಮುಕ್ತೇಶ್ವರ ಎಂಬ ಊರಿದೆ. ದೆಹಲಿ–ಮೊರಾದಾಬಾದ್ ರೈಲಿನಲ್ಲಿ ಹೋದವರು ಸೇತುವೆಯ ಮೇಲಿಂದ ನೋಡಿರಬಹುದು. ಕುರುಕ್ಷೇತ್ರದಲ್ಲಿ ಮಡಿದವರಿಗೆ ಧರ್ಮರಾಯ ಇಲ್ಲಿ ಪಿಂಡ ಹಾಕಿದನೆಂಬ ಪ್ರತೀತಿ. ಕಾರ್ತಿಕ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಜನ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದು ಮರಳಿನ ಮೇಲೆ ಡೇರೆ ಹಾಕುತ್ತಾರೆ. ಹುಣ್ಣಿಮೆಯ ಹಿಂದಿನ ದಿನ, ಚತುರ್ದಶಿಯ ಸಂಜೆ, ತಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೀಪವನ್ನು ನೀರಿಗೆ ಬಿಡುತ್ತಾರೆ. ಹೊಳೆಯ ಸೆಳವು ದೀಪಗಳನ್ನು ಒಟ್ಟುಗೂಡಿಸಿ ಒಯ್ಯುತ್ತದೆ. ಯಾವುದು ಯಾರದೆಂದು ಸ್ವಲ್ಪ ಹೊತ್ತಿಗೇ ಗುರುತು ಸಿಗುವುದಿಲ್ಲ. ಆದರೂ ಬಿಟ್ಟವರು ದಡದಲ್ಲೇ ನಿಂತು ನೋಡುತ್ತಿರುತ್ತಾರೆ.