ತೋಪಿಗೊಂದು, ಪಿಸ್ತೂಲಿಗೊಂದು

ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತವರು ಕೇಳುವ ಪ್ರಶ್ನೆಗಳು ವಿಜಯಪುರದವರಾದ ನಮಗೆ ಬಾಯಿಪಾಠವಾಗಿವೆ. ಇದರ ತೂಕ ಎಷ್ಟು? ಗುಂಡು ಎಲ್ಲಿತನಕ ಹೋಗುತ್ತಿತ್ತು? ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದನಂತೆ, ಹೌದೆ? ತೂಕ ಸುಮಾರು 55 ಟನ್. ಉಳಿದ ಎರಡಕ್ಕೆ ಗೈಡುಗಳು ಗಿರಾಕಿಯ ಮುಖ ನೋಡಿ ಉತ್ತರ ಹೇಳುತ್ತಾರೆ. ಕಳೆದ ಸಲ ಸಿದ್ಧೇಶ್ವರ ಜಾತ್ರೆಗೆಂದು ಬಂದ ನನ್ನ ತಮ್ಮನ ಮಗ ಮಾತ್ರ ತೋಪಿನ ಬಾಯಲ್ಲಿ ಅರ್ಧ ಮೈ ತೂರಿಸಿ, ಒಳಗಿನಿಂದಲೇ ಕೇಳಿದ: “ಕಾಕಾ, ಇದಕ್ಕ ಎಂಥಾ ಮದ್ದು ಹಾಕ್ತಿದ್ರು? ಸಣ್ಣ ಪುಡೀನೋ, ದಪ್ಪ ಕಾಳೋ?”

ಗೈಡು ನನ್ನ ಮುಖ ನೋಡಿದ. ನಾನು ಗೋಳಗುಮ್ಮಟದ ಕಡೆ ನೋಡಿದೆ.

ಹುಡುಗ ಇರುವುದು ಅಮೆರಿಕದ ಟೆಕ್ಸಾಸಿನಲ್ಲಿ. ವಾರವೆಲ್ಲ ಕಂಪ್ಯೂಟರು, ರಜೆ ಬಂದರೆ ಪಿಸ್ತೂಲು ಸ್ಪರ್ಧೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ತೊಳೆದು, ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಮೇಲೊಂದು ಗುಂಡು ಒತ್ತಿ ತೋಟಾಗಳನ್ನು ತಾನೇ ಕಟ್ಟಿಕೊಳ್ಳುತ್ತಾನೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಈ ಕಸುಬಿಗೆ ಕೈಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಾಗಿಲು ಬಡಿಯುತ್ತದೆ. ಅಲ್ಲಿ ಅದು ಸ್ಟಾಂಪು ಕೂಡಿಹಾಕಿದ ಹಾಗೆ ಒಂದು ಹವ್ಯಾಸವಂತೆ. ಒಂದು ಸಲ ವಿಡಿಯೋ ಕಾಲಿನಲ್ಲಿ ಪುಟ್ಟ ತಕ್ಕಡಿ ತೋರಿಸಿದ್ದ. ಒಂದು ತೋಟಾಕ್ಕೆ ಮೂರು-ನಾಲ್ಕು ಗ್ರೇನ್ ಮದ್ದು. ಅಷ್ಟಂದರೆ ಎಷ್ಟು ಎಂದು ನನಗೆ ತಿಳಿಯಲಿಲ್ಲ. ಬಬಲೇಶ್ವರದ ಪತ್ತಾರರ ಅಂಗಡಿ ಕಟ್ಟೆಯ ಮೇಲೆ ಬೆಳೆದವನು ನಾನು. ನನಗೆ ಗುಲಗಂಜಿ ಲೆಕ್ಕವೇ ಬೇಕು. 1833ರಲ್ಲಿ ಕಂಪನಿ ಸರಕಾರ ತೊಲಕ್ಕೆ 180 ಗ್ರೇನ್ ಎಂದು ಗೊತ್ತುಮಾಡಿತು, ತೊಲಕ್ಕೆ ಗುಲಗಂಜಿ 96. ಕೂಡಿಸಿ ಭಾಗಿಸಿ ನೋಡಿದರೆ ಹುಡುಗನ ಮದ್ದು ಸುಮಾರು ಎರಡು ಗುಲಗಂಜಿ. ಮೂಗುತಿಯ ತೂಕದ ಪುಡಿಗೆ ಅವನು ಅಂಗಡಿಯಲ್ಲಿ ಹತ್ತಾರು ಡಬ್ಬಿ ತಿರುವಿ ನೋಡಿ ಒಂದನ್ನು ಆರಿಸುತ್ತಾನಂತೆ!

ಯಾಕೆ ಅಷ್ಟು ಆರಿಸಬೇಕು ಎಂಬುದನ್ನು ತೋಪಿನ ನೆರಳಲ್ಲಿ ಕೂತು ಅವನೇ ಬಿಡಿಸಿ ಹೇಳಿದ. ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ. ಉರಿದು ಗಾಳಿಯಾಗಿ ಗುಂಡನ್ನು ತಳ್ಳುತ್ತದೆ. ಗುಂಡು ನಳಿಗೆ ದಾಟುವುದರೊಳಗೆ ಉರಿದು ಮುಗಿಯಬೇಕು. ಬಂದೂಕಿನ ನಳಿಗೆ ಉದ್ದ, ಹಾಗಾಗಿ ನಿಧಾನ ಉರಿಯುವ ಮದ್ದು ನಡೆಯುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ, ಅದಕ್ಕೆ ಚುರುಕಿನದು ಬೇಕು. ಅತಿ ಚುರುಕಾದರೆ ಒತ್ತಡ ಒಮ್ಮೆಲೇ ಏರಿ ಪಿಸ್ತೂಲೇ ಒಡೆದೀತು. ಇಷ್ಟು ಸಾಲದೆಂಬಂತೆ ಸ್ಪರ್ಧೆಯವರದೊಂದು ಕರಾರು: ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿನ ಅಡಿ ವೇಗದಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಕೊನೇಪಕ್ಷ 125 ಬರಬೇಕು. ಕಡಿಮೆಯಾದರೆ ಅಂಕವಿಲ್ಲ, ತೀರ ಹೆಚ್ಚಾದರೆ ಕೈ ಜಗ್ಗಿ ಎರಡನೇ ಗುಂಡು ತಡವಾಗುತ್ತದೆ. ಮೂತಿಗೆ ಗಾಳಿಗಂಡಿ ಇಟ್ಟ ಪಿಸ್ತೂಲುಗಳ ಲೆಕ್ಕವೇ ಬೇರೆ. ಆ ಗಂಡಿ ಕೆಲಸ ಮಾಡಲು ಗಾಳಿ ಹೆಚ್ಚು ಬೇಕು, ಅದಕ್ಕೆ ತುಸು ನಿಧಾನದ ಮದ್ದನ್ನೇ ಹೆಚ್ಚು ಸುರಿಯುತ್ತಾರೆ.

ನನಗೆ ಬಹಳ ಹಿಡಿಸಿದ್ದು ಅವನ ಇನ್ನೊಂದು ಮಾತು. ಬುಲ್ಸ್‌ಐ ಎಂಬ ಮದ್ದು 19ನೇ ಶತಮಾನದ ಕೊನೆಯಿಂದಲೂ ಗುರಿಕಾರರಿಗೆ ಅಚ್ಚುಮೆಚ್ಚು, ಚಿಟಿಕೆಯಷ್ಟು ಸಾಕು. ಆ ಚಿಟಿಕೆಯೇ ಅಪಾಯವೂ ಹೌದು. ಕೊಳವೆಯ ತಳದಲ್ಲಿ ಎಲ್ಲೋ ಬಿದ್ದಿರುತ್ತದೆ, ಮೈಮರೆತು ಎರಡು ಸಲ ಸುರಿದರೂ ಕಣ್ಣಿಗೆ ಬೀಳುವುದಿಲ್ಲ. “ಅದಕ್ಕ ನಾ ಉಬ್ಬಿದ ಮದ್ದು ತಗೋತೀನಿ ಕಾಕಾ. ಅರ್ಧಕ್ಕಿಂತ ಮ್ಯಾಲ ಬರ್ತದ. ಎರಡನೇ ಸಲ ಸುರದ್ರ ಉಕ್ಕಿ ಟೇಬಲ್ ಮ್ಯಾಲೆ ಚೆಲ್ಲತದ, ಗೊತ್ತಾಗ್ತದ.” ಹುಡುಗನ ಬುದ್ಧಿ ಅವರವ್ವನದು, ನಮ್ಮ ಮನೆತನದಲ್ಲಿ ಇಂಥ ಮುಂದಾಲೋಚನೆ ಇಲ್ಲ.

ಈ ಜ್ಞಾನ ತಲೆಗೆ ಹೋದ ಮೇಲೆ ತೋಪನ್ನು ನೋಡುವ ಕಣ್ಣೇ ಬದಲಾಯಿತು. 1549ರಲ್ಲಿ ಅಹ್ಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಎರಕದವನು ಇದನ್ನು ಹೊಯ್ದ. ಐದರಲ್ಲಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. 1565ರ ತಾಳಿಕೋಟೆ ಕದನದಲ್ಲಿ ಇದಕ್ಕೆ ತಾಮ್ರದ ದುಡ್ಡಿನ ಚೀಲ ತುಂಬಿ ಹೊಡೆದರೆಂದು ಹೇಳುತ್ತಾರೆ. 1632ರಲ್ಲಿ ಪರಾಂಡಾ ಕೋಟೆಯಿಂದ ಎತ್ತು, ಆನೆ ಹೂಡಿಸಿ ವಿಜಯಪುರಕ್ಕೆ ಎಳೆತಂದವನು ಮುರಾರಿ ಪಂಡಿತ. 1854ರಲ್ಲಿ ಬ್ರಿಟಿಷರು ಗುಜರಿ ಲೆಕ್ಕದಲ್ಲಿ ಹರಾಜಿಗಿಟ್ಟರೆ ಬಂದ ಸವಾಲು 150 ರೂಪಾಯಿ. ಅವರಿಗೇ ನಾಚಿಕೆಯಾಗಿರಬೇಕು, ಹರಾಜು ರದ್ದಾಯಿತು. ಇದೆಲ್ಲ ಶಾಲೆಯ ಪ್ರವಾಸದಲ್ಲೇ ಕೇಳಿದ್ದು. ಅಳತೆಗಳನ್ನೂ ಕೇಳಿದ್ದೆ, ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿರಲಿಲ್ಲ. ಉದ್ದ 14 ಅಡಿ 4 ಇಂಚು, ಬಾಯಿಯ ಒಳಗಲ 2 ಅಡಿ 4 ಇಂಚು. ಉದ್ದವು ಬಾಯಿಯ ಆರು ಪಟ್ಟು, ಅಷ್ಟೆ. ಐದಿಂಚು ನಳಿಗೆಯ ಒಂಬತ್ತು ಮಿಲಿಮೀಟರ್ ಪಿಸ್ತೂಲಿನಲ್ಲೂ ಅದು ಹದಿನಾಲ್ಕು ಪಟ್ಟು. “ಅಂದ್ರ ರಣರಂಗದ ಒಡೆಯಾ ಅಂತ ಹೆಸರಿಟ್ಟಿದ್ದು ಒಂದು ಗಿಡ್ಡ ಪಿಸ್ತೂಲಿಗೆ!” ಎಂದು ಹುಡುಗ ನಕ್ಕ. ಅಲ್ಲಿಂದ ಎದ್ದು ಉಪ್ಪಲಿ ಬುರುಜಿನ ಮೆಟ್ಟಿಲು ಹತ್ತಿದೆವು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಮೇಲಿರುವ ಕಬ್ಬಿಣದ ಉದ್ದನೆಯ ತೋಪು 30 ಅಡಿ 8 ಇಂಚು, ಬಾಯಿ 12 ಇಂಚು. ಮೂವತ್ತು ಪಟ್ಟು. “ಇದು ರೈಫಲ್,” ಎಂದ, ಏದುಸಿರು ಬಿಡುತ್ತ.

ಹಾಗಾದರೆ ಗಿಡ್ಡ ತೋಪಿಗೆ ಚುರುಕಿನ ಮದ್ದು ಹಾಕಬೇಕಲ್ಲ? ಇಲ್ಲಿ ಪಿಸ್ತೂಲಿನ ಲೆಕ್ಕ ತಿರುಗಿ ಬೀಳುತ್ತದೆ. ಅಷ್ಟು ದೊಡ್ಡ ಹೊಟ್ಟೆಯಲ್ಲಿ ನುಣ್ಣನೆಯ ಮದ್ದು ಒಮ್ಮೆಲೇ ಹೊತ್ತಿಕೊಂಡರೆ ಭಾರದ ಗುಂಡು ಕದಲುವ ಮುಂಚೆ ತೋಪಿನ ಬೆನ್ನೇ ಸೀಳುತ್ತದೆ. ತವರ ಹೆಚ್ಚಿದ ಕಂಚು ಗಟ್ಟಿಯೇನೋ ಹೌದು, ಬಾಗದೆ ಬಿರಿಯುವ ಜಾತಿ. ದೊಡ್ಡ ತೋಪಿಗೆ ದೊಡ್ಡ ಕಾಳಿನ ಮದ್ದು ಬೇಕು. ಬೆಂಕಿ ಕಾಳನ್ನು ಹೊರಗಿನಿಂದ ಒಳಗೆ ತಿನ್ನುತ್ತ ಹೋಗುವುದರಿಂದ ದಪ್ಪ ಕಾಳು ನಿಧಾನ ಉರಿಯುತ್ತದೆ. ಮೊದಮೊದಲ ಮದ್ದು ಜೋಳದ ಹಿಟ್ಟಿನಂತೆ ಇತ್ತು. ಬಂಡಿಯಲ್ಲಿ ಕುಲುಕಿದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಬೇರೆ ಬೇರೆಯಾಗಿ ಕೂರುತ್ತಿದ್ದವು. 15ನೇ ಶತಮಾನದ ಯುರೋಪಿನಲ್ಲಿ ಅದನ್ನು ಒದ್ದೆ ಮಾಡಿ, ನುಚ್ಚಿನಂತೆ ಕಾಳುಕಟ್ಟುವುದನ್ನು ಕಲಿತರು. 19ನೇ ಶತಮಾನದಲ್ಲಿ ಅಮೆರಿಕದ ರಾಡ್ಮನ್ ದೈತ್ಯ ತೋಪುಗಳಿಗೆ ದೈತ್ಯ ಕಾಳುಗಳನ್ನೇ ಮಾಡಿಸಿದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಕರಿಮದ್ದಿನ ಕಾಲ ಯುದ್ಧದಲ್ಲಿ ಮುಗಿಯುತ್ತ ಬಂತು. ನಮ್ಮ ಪಕ್ಕದ ನೀಲಗಿರಿಯ ಅರವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಎದ್ದದ್ದು ಆ ಹೊಸ ಮದ್ದಿಗಾಗಿ. ಹುಡುಗನ ಡಬ್ಬಿಯಲ್ಲಿರುವುದೂ ಅದೇ ಕುಲದ್ದು.

ಕರಿಮದ್ದನ್ನು ನಾನು ಹತ್ತಿರದಿಂದ ಕಂಡದ್ದು ಬಬಲೇಶ್ವರದಲ್ಲಿ, ಬಾವಿ ತೋಡುವಾಗ. ಕರಿಕಲ್ಲಿಗೆ ಕುಳಿ ಹೊಡೆದು, ಮದ್ದು ಗಿಡಿದು, ಬಾಯಿಗೆ ಮಣ್ಣು ಜಡಿದು, ಕಲ್ಲು ಹಾರದಂತೆ ಮೇಲೆ ಜಾಲಿಕಂಟಿ ಹೇರುತ್ತಿದ್ದರು. ಆಮೇಲೆ ಒಬ್ಬ ಕೆಂಪು ವಸ್ತ್ರ ಬೀಸುತ್ತ “ಸುರಂಗಾ! ಸುರಂಗಾ!” ಎಂದು ಕೂಗುತ್ತ ಓಡುತ್ತಿದ್ದ. ನಾವು ಹುಡುಗರು ಹುಣಸೆಮರದ ಹಿಂದೆ ಕಿವಿ ಮುಚ್ಚಿ, ಕಣ್ಣು ತೆರೆದು ನಿಲ್ಲುತ್ತಿದ್ದೆವು. ಒಂದು ಸಲ ಹಿಡಿಗಾತ್ರದ ಕಲ್ಲು ಗೌಡರ ಪತ್ರಾಸಿನ ಮೇಲೆ ಬಿದ್ದು ಊರೆಲ್ಲ ಕೇಳಿಸಿತು. ಮುಂದೆ ಡೈನಮೈಟ್ ಬಂದಾಗ ಹಳೇ ಮೇಸ್ತ್ರಿ ಒಪ್ಪಲಿಲ್ಲ. ಅದು ಕಲ್ಲನ್ನು ನುಚ್ಚು ಮಾಡುತ್ತದೆ, ಕರಿಮದ್ದು ಎಬ್ಬಿಸಿ ಕೊಡುತ್ತದೆ. ಬಾವಿಯ ಮೆಟ್ಟಿಲಿಗೆ ಇಡೀ ಕಲ್ಲು ಬೇಡವೇನು ಎಂಬುದು ಅವನ ವಾದ. ರಾಡ್ಮನ್ನನ ಹೆಸರು ಕೇಳಿದವನಲ್ಲ ಅವನು.

ಮರುದಿನ ಅಥಣಿ ರಸ್ತೆ ಹಿಡಿದು ಟಿಕೋಟಾದ ತಮ್ಮನ ದ್ರಾಕ್ಷಿ ಪಡಕ್ಕೆ ಹೋದೆವು. ಶೆಡ್ಡಿನಲ್ಲಿ ಗೊಬ್ಬರದ ಚೀಲ ನೋಡಿ ಹುಡುಗ ನಿಂತುಬಿಟ್ಟ. 13-0-45. ಕಾಯಿ ತುಂಬುವ ಹೊತ್ತಿಗೆ ಡ್ರಿಪ್ಪಿನಲ್ಲಿ ಬಿಡುವುದು, ಇದೇ ಪೆಟ್ಲುಪ್ಪು. ಪಕ್ಕದಲ್ಲಿ ಬೂದಿರೋಗಕ್ಕೆ ಹೊಡೆಯುವ ಗಂಧಕ. ಬದುವಿನ ಮೇಲೆ ತೊಗರಿಕಟ್ಟಿಗೆಯ ಬಣವೆ. ಹಿಂದೆ ಮದ್ದಿನ ಕಾರ್ಖಾನೆಗಳು ತೊಗರಿಕಟ್ಟಿಗೆಯ ಹಗುರ ಇದ್ದಿಲನ್ನು ಹುಡುಕಿ ಕೊಳ್ಳುತ್ತಿದ್ದವು. “ಅಪ್ಪಾ, ಆದಿಲಶಾಹಿ ಮದ್ದಿನ ಮನಿ ಪೂರಾ ನಿನ್ನ ಹೊಲದಾಗ ಐತಲ್ಲ!” ಎಂದ.

ತಮ್ಮ ಚೀಲದ ಬಾಯಿ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. “ಆ ಚೀಲದ ರೇಟ್ ಕೇಳಿದ್ರ ಆದಿಲಶಾಹನೂ ಲಡಾಯಿ ಬಿಡ್ತಿದ್ದ. ನೀ ಅದನ್ನ ಬಿಡು ತಮ್ಮಾ, ಅಮೆರಿಕಾದಾಗ ಒಣದ್ರಾಕ್ಷಿ ಕಿಲೋಕ್ಕ ಎಷ್ಟು ನಡದದ, ಹೇಳು.”