ತೊಟ್ಟಿಲು ಎಲ್ಲಿತ್ತು?

ಅಮೆರಿಕದ ಸಂವಿಧಾನದ ಎರಡನೆಯ ವಿಧಿಯಲ್ಲಿ ಮೂರು ಪದಗಳಿವೆ: ‘ನ್ಯಾಚುರಲ್ ಬಾರ್ನ್ ಸಿಟಿಜನ್’. ಆ ದೇಶದ ಅಧ್ಯಕ್ಷರಾಗಲು ಕನಿಷ್ಠ 35 ವರ್ಷ ವಯಸ್ಸಾಗಿರಬೇಕು, 14 ವರ್ಷ ಅಲ್ಲಿ ವಾಸ ಮಾಡಿರಬೇಕು, ಜೊತೆಗೆ ಈ ಮೂರು ಪದಗಳಿಗೆ ಒಪ್ಪುವವರಾಗಿರಬೇಕು. ಇವನ್ನು ಕನ್ನಡಕ್ಕೆ ತರಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ‘ಸಹಜ ನಾಗರಿಕ’ ಎಂದರೆ ಉಳಿದವರೆಲ್ಲ ಅಸಹಜ ಎಂದ ಹಾಗಾಗುತ್ತದೆ. ‘ಜನ್ಮಸಿದ್ಧ ನಾಗರಿಕ’ ಎಂದರೆ ಭಾಷಣದ ಮಾತಿನಂತೆ ಕೇಳಿಸುತ್ತದೆ. ಕೊನೆಗೆ ‘ಹುಟ್ಟು ನಾಗರಿಕ’ ಎಂದು ಇಟ್ಟುಕೊಂಡಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವಲ್ಲ, ಆ ಮಾತಿನೊಳಗಿನ ನಂಬಿಕೆ, ಅನುಮಾನ ಎರಡೂ ಈ ಪದಗಳ ಒಳಗಿವೆ.

ವಲಸೆ ಬಂದು ಪೌರತ್ವ ಪಡೆದವರಿಗೆ ಅಮೆರಿಕದಲ್ಲಿ ಮುಚ್ಚಿದ ಬಾಗಿಲುಗಳು ಕಡಿಮೆಯೇ. ಏಳು ವರ್ಷ ನಾಗರಿಕರಾಗಿದ್ದರೆ ಪ್ರತಿನಿಧಿ ಸಭೆಗೆ, ಒಂಬತ್ತು ವರ್ಷವಾಗಿದ್ದರೆ ಸೆನೆಟ್‌ಗೆ ನಿಲ್ಲಬಹುದು. ಆಸ್ಟ್ರಿಯಾದಲ್ಲಿ ಹುಟ್ಟಿದ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕ್ಯಾಲಿಫೋರ್ನಿಯಾದ ಗವರ್ನರ್ ಆದರು. ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಕಿಸಿಂಜರ್, ಪ್ರಾಗ್‌ನಲ್ಲಿ ಹುಟ್ಟಿದ ಮೆಡಲಿನ್ ಆಲ್‌ಬ್ರೈಟ್ ವಿದೇಶಾಂಗ ಕಾರ್ಯದರ್ಶಿಗಳಾದರು. ಅಧ್ಯಕ್ಷರಿಗೆ ಏನಾದರೂ ಆದರೆ ಆ ಜಾಗಕ್ಕೆ ಬರಬೇಕಾದವರ ಸಾಲಿನಲ್ಲಿ ಈ ಹುದ್ದೆಯದು ನಾಲ್ಕನೆಯ ಸ್ಥಾನ. ಆದರೆ ಇವರಿಬ್ಬರ ಕಾಲದಲ್ಲಿ ಅಂಥ ಸರದಿ ಬಂದಿದ್ದರೆ ಸಾಲು ಇವರನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಅಧ್ಯಕ್ಷ ಮತ್ತು ಉಪಾಧ್ಯಕ್ಷ, ಈ ಎರಡು ಕುರ್ಚಿಗಳಿಗೆ ಮಾತ್ರ ತೊಟ್ಟಿಲಿನ ವಿಳಾಸ ಬೇಕು.

ಈ ನಿಯಮ ಬಂದ ಕಾಲವನ್ನು ನೋಡಿದರೆ ಅದರ ಹಿಂದಿನ ಅಂಜಿಕೆ ಅರ್ಥವಾಗುತ್ತದೆ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುತ್ತಿದ್ದಾಗ ಜಾನ್ ಜೇ ಎಂಬ ಮುತ್ಸದ್ದಿ ಜಾರ್ಜ್ ವಾಷಿಂಗ್ಟನ್ನರಿಗೆ ಒಂದು ಪತ್ರ ಬರೆದರು. ಸೇನೆಯ ದಂಡನಾಯಕತ್ವವನ್ನು ಹುಟ್ಟು ನಾಗರಿಕರಲ್ಲದವರ ಕೈಗೆ ಕೊಡಬಾರದು ಎಂಬುದು ಅದರ ಸಾರ. ರಾಜನಿಂದ ಬಿಡಿಸಿಕೊಂಡು ಆಗಷ್ಟೇ ಕಾಲೂರುತ್ತಿದ್ದ ದೇಶ ಅದು. ಯುರೋಪಿನ ಯಾವುದೋ ರಾಜಕುಮಾರ ಹಣ ಚೆಲ್ಲಿ ಗದ್ದುಗೆ ಏರಿದರೆ ಎಂಬ ಭಯ ಸುಳ್ಳಿನದಾಗಿರಲಿಲ್ಲ. ಸಂವಿಧಾನ ಜಾರಿಯಾಗುವಾಗ ನಾಗರಿಕರಾಗಿದ್ದವರಿಗೆ ವಿನಾಯಿತಿಯನ್ನೂ ಕೊಟ್ಟರು. ಹಾಗಾಗಿ ಕೆರಿಬಿಯನ್ನಿನ ನೆವಿಸ್ ದ್ವೀಪದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರಿಗೂ ಅಧ್ಯಕ್ಷರಾಗುವ ಅರ್ಹತೆ ಇತ್ತು. ಆದರೆ ಹುಟ್ಟು ನಾಗರಿಕ ಎಂದರೆ ಯಾರು ಎಂಬುದನ್ನು ಸಂವಿಧಾನ ಎಲ್ಲಿಯೂ ವಿವರಿಸಲಿಲ್ಲ. ಆ ನೆಲದ ಮೇಲೆ ಹುಟ್ಟಿದವರೋ, ನಾಗರಿಕರ ಹೊಟ್ಟೆಯಲ್ಲಿ ಹುಟ್ಟಿದವರೋ ಎಂಬ ಪ್ರಶ್ನೆ ಉಳಿದುಹೋಯಿತು.

ಆ ಖಾಲಿ ಜಾಗದಲ್ಲಿ ಜಗಳಗಳು ಬೆಳೆದವು. 1880ರ ಚುನಾವಣೆಯಲ್ಲಿ ಚೆಸ್ಟರ್ ಆರ್ಥರ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ, ಅವರು ಹುಟ್ಟಿದ್ದು ವರ್ಮಾಂಟ್‌ನಲ್ಲಲ್ಲ, ಗಡಿಯಾಚೆಯ ಕೆನಡಾದಲ್ಲಿ ಎಂದು ಎದುರು ಪಕ್ಷದವರು ಸುದ್ದಿ ಹಬ್ಬಿಸಿದರು. 1964ರ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಹುಟ್ಟಿದಾಗ ಅರಿಜೋನಾ ಇನ್ನೂ ರಾಜ್ಯವೇ ಆಗಿರಲಿಲ್ಲ. 1968ರಲ್ಲಿ ಸ್ಪರ್ಧೆಗಿಳಿದ ಜಾರ್ಜ್ ರಾಮ್ನಿ ಹುಟ್ಟಿದ್ದು ಮೆಕ್ಸಿಕೋದಲ್ಲಿ. 2008ರ ಅಭ್ಯರ್ಥಿ ಜಾನ್ ಮೆಕೇನ್ 1936ರಲ್ಲಿ ಪನಾಮ ಕಾಲುವೆ ವಲಯದ ನೌಕಾನೆಲೆಯಲ್ಲಿ ಹುಟ್ಟಿದವರು. ಟೆಡ್ ಕ್ರೂಜ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ. 2014ರವರೆಗೆ ಅವರಿಗೆ ಅಲ್ಲಿಯ ಪೌರತ್ವವೂ ಇತ್ತು. ಅಪ್ಪ ಅಮ್ಮ ಕೆಲಸಕ್ಕೆಂದು ಎಲ್ಲಿದ್ದರೋ ಮಕ್ಕಳು ಅಲ್ಲಿ ಹುಟ್ಟಿದರು, ಅಷ್ಟೆ. ಇವರ ಮೇಲೂ ಪ್ರಶ್ನೆಗಳೆದ್ದವು, ಕೆಲವು ಕೋರ್ಟಿನವರೆಗೂ ಹೋದವು. ಆದರೆ ಅವು ಹೆಚ್ಚಾಗಿ ವಕೀಲರ ಪ್ರಶ್ನೆಗಳಾಗಿಯೇ ಉಳಿದವು. ಮೆಕೇನ್ ಹುಟ್ಟು ನಾಗರಿಕರೇ ಹೌದೆಂದು 2008ರ ಏಪ್ರಿಲ್‌ನಲ್ಲಿ ಸೆನೆಟ್ ಒಮ್ಮತದ ನಿರ್ಣಯವನ್ನೂ ಮಾಡಿತು. ಆ ನಿರ್ಣಯವನ್ನು ಬೆಂಬಲಿಸಿ ಹೆಸರು ಕೊಟ್ಟವರಲ್ಲಿ ಬರಾಕ್ ಒಬಾಮ ಕೂಡ ಒಬ್ಬರು.

ಅದೇ ಒಬಾಮರಿಗೆ ಅಂಥ ಸೌಜನ್ಯ ಸಿಗಲಿಲ್ಲ. ಅವರು 1961ರ ಆಗಸ್ಟ್ 4ರಂದು ಹವಾಯಿಯ ಹೊನೊಲುಲುವಿನಲ್ಲಿ ಹುಟ್ಟಿದವರು. ಹವಾಯಿ ರಾಜ್ಯವಾಗಿ ಆಗಲೇ ಸುಮಾರು ಎರಡು ವರ್ಷವಾಗಿತ್ತು. ಅವರ ಜನನದ ಸುದ್ದಿ ಅಲ್ಲಿಯ ಎರಡು ದಿನಪತ್ರಿಕೆಗಳಲ್ಲಿ ಆ ತಿಂಗಳೇ ಅಚ್ಚಾಗಿತ್ತು. ಅಪ್ಪ ಕೀನ್ಯಾದವರು, ಅಮ್ಮ ಕಾನ್ಸಾಸ್‌ನವರು. 2008ರಲ್ಲಿ ಜನನ ಪ್ರಮಾಣಪತ್ರ ತೋರಿಸಿದರು, ಸಾಲದು ಅಂದರು. ಡೊನಾಲ್ಡ್ ಟ್ರಂಪ್ ಟಿವಿಯಲ್ಲಿ ಮತ್ತೆ ಮತ್ತೆ ಕೆದಕಿದ ಮೇಲೆ, 2011ರ ಏಪ್ರಿಲ್ 27ರಂದು ವೈಟ್ ಹೌಸ್ ಪೂರ್ಣ ಪ್ರಮಾಣಪತ್ರವನ್ನೇ ಬಿಡುಗಡೆ ಮಾಡಿತು. ಒಬಾಮ ಅಮೆರಿಕದಲ್ಲಿ ಹುಟ್ಟಿದವರು ಎಂದು ಟ್ರಂಪ್ ಬಾಯಿಬಿಟ್ಟು ಒಪ್ಪಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಒಬಾಮರ ಎರಡನೆಯ ಅವಧಿಯೇ ಮುಗಿಯುತ್ತ ಬಂದಿತ್ತು. ಅಮೆರಿಕದ ರಾಜ್ಯಗಳ ಹೊರಗೆ ಹುಟ್ಟಿದ ಮೆಕೇನರ ವಿಷಯ ಒಂದು ನಿರ್ಣಯದಲ್ಲಿ ತಣ್ಣಗಾಯಿತು. ಒಳಗೇ ಹುಟ್ಟಿದ ಒಬಾಮರ ವಿಷಯ ಎಂಟು ವರ್ಷ ಹೊಗೆಯಾಡಿತು. 2020ರಲ್ಲಿ ಕಮಲಾ ಹ್ಯಾರಿಸ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ, ಅವರು ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ್ದರೂ ಅಪ್ಪ ಅಮ್ಮ ಆಗ ನಾಗರಿಕರಾಗಿದ್ದರೇ ಎಂದು ಹೊಸ ಎಳೆ ತೆಗೆದರು. ವಲಸಿಗ ಚೀನೀ ದಂಪತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ನಾಗರಿಕರೇ ಹೌದೆಂದು ಸುಪ್ರೀಂ ಕೋರ್ಟ್ 1898ರಲ್ಲೇ ಹೇಳಿತ್ತು. ಎಲ್ಲಿ ಹುಟ್ಟಿದಿರಿ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ. ಉತ್ತರವನ್ನು ಯಾರ ಬಾಯಿಂದ ಬಂದರೆ ನಂಬುತ್ತಾರೆ ಎಂಬುದು ಮಾತ್ರ ಬೇರೆ ಬೇರೆ.

2011ರಲ್ಲಿ ಈ ಗಲಾಟೆ ನಡೆಯುವ ಹೊತ್ತಿಗೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲೂ ಹುಟ್ಟಿನ ಕಾಗದಗಳ ಕಟ್ಟು ಮೇಜಿನ ಮೇಲಿತ್ತು. ಗ್ರೀನ್ ಕಾರ್ಡಿನ ಅರ್ಜಿಗೆ ನನ್ನ ಜನನ ಪ್ರಮಾಣಪತ್ರ ಬೇಕಿತ್ತು, ನನಗೆ ಅದು ಇರಲಿಲ್ಲ. ಸಾಗರದ ಹತ್ತಿರದ ಹಳ್ಳಿಯ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು ನಾನು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಜೂನ್ 1 ಎಂದು ಬರೆದುಕೊಂಡರು. ನಮ್ಮ ತರಗತಿಯಲ್ಲಿ ಅರ್ಧ ಜನರ ಹುಟ್ಟುಹಬ್ಬ ಅವತ್ತೇ. ಈಗ ಅಣ್ಣ ತಾಲ್ಲೂಕು ಕಚೇರಿಗೆ ಓಡಾಡಿ, ‘ಜನನ ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತಂದ. ನಾನು ಹುಟ್ಟಿದ್ದನ್ನು ಬಲ್ಲವರೆಂದು ದೊಡ್ಡಮ್ಮ ಮತ್ತು ಸೋದರಮಾವ ನೋಟರಿಯ ಮುಂದೆ ಅಫಿಡವಿಟ್‌ಗೆ ಸಹಿ ಹಾಕಿದರು. ದೊಡ್ಡಮ್ಮ ಅಲ್ಲಿ ಹೇಳಿದ್ದು ಒಂದೇ ಮಾತಂತೆ: “ಆರಿದ್ರಾ ಮಳೆ ಹಿಡಿದಿತ್ತು, ಕೊಟ್ಟಿಗೆಗೆ ಹೋಗಾಕೂ ಆಗ್ತಿರ್ಲಿಲ್ಲ.” ಆರಿದ್ರಾ ಮಳೆ ಶುರುವಾಗುವುದೇ ಜೂನ್ ಮೂರನೆಯ ವಾರ ಕಳೆದ ಮೇಲೆ. ಆದರೂ ಕಾಗದದಲ್ಲಿ ಜೂನ್ 1 ಎಂದೇ ಉಳಿಯಿತು, ಅಮೆರಿಕ ಸರ್ಕಾರ ಅದನ್ನು ಒಪ್ಪಿತು. ಟಿವಿಯಲ್ಲಿ ಒಬಾಮರ ಪ್ರಮಾಣಪತ್ರವನ್ನು ದೊಡ್ಡದು ಮಾಡಿ ತೋರಿಸುತ್ತಿದ್ದಾಗ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ನನ್ನ ಹುಟ್ಟಿಗೆ ಇದ್ದದ್ದು ಒಂದು ಮಳೆ, ಒಬ್ಬ ದೊಡ್ಡಮ್ಮ, ಒಬ್ಬ ಮಾವ. ಅವರ ಹುಟ್ಟಿಗೆ ಆಸ್ಪತ್ರೆ ಇತ್ತು, ವೈದ್ಯರ ಸಹಿ ಇತ್ತು, ಎರಡು ಪತ್ರಿಕೆಗಳಿದ್ದವು. ಆದರೆ ಪ್ರಶ್ನೆ ಕಾಗದದ್ದಾಗಿರಲಿಲ್ಲ.

ಅವತ್ತು ಒಂಬತ್ತು ವರ್ಷದ ಮಗಳು ಕೇಳಿದಳು, “ಅಮ್ಮ, ನಾನು ಹುಟ್ಟಿದ್ದು ಎಲ್ಲಿ?”

“ಶಿವಮೊಗ್ಗದಲ್ಲಿ. ಬಾಣಂತನಕ್ಕೆ ಅಜ್ಜಿ ಮನೆಗೆ ಹೋಗಿದ್ದೆ.”

“ತಮ್ಮ?”

“ಇಲ್ಲೇ, ಎಡಿಸನ್‌ನಲ್ಲಿ.”

“ಹಾಗಾದ್ರೆ ಅವನು ಪ್ರೆಸಿಡೆಂಟ್ ಆಗಬಹುದು, ನಾನು ಆಗಕ್ಕಾಗಲ್ಲ,” ಅಂದಳು. ಶಾಲೆಯಲ್ಲಿ ಕಲಿತ ಪಾಠ ಒಪ್ಪಿಸಿದ ಹಾಗೆ, ಬೇಜಾರೇನೂ ಇಲ್ಲದೆ. ಐದು ವರ್ಷದವನು ತಟ್ಟೆಯಿಂದ ತಲೆಯೆತ್ತಿ, “ನಾನು ಆದ್ಮೇಲೆ ಅಕ್ಕನಿಗೆ ಒಂದು ಕೆಲಸ ಕೊಡ್ತೀನಿ,” ಅಂದ. ಅವರಪ್ಪ ಜೋರಾಗಿ ನಕ್ಕರು.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ರೂಢಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಅಮ್ಮನ ಕೈ. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ನ್ಯೂಜೆರ್ಸಿಗೆ ವಾಪಸಾದೆ. ಎರಡನೆಯ ಹೆರಿಗೆಗೆ ಅಮ್ಮನೇ ಬಾಣಂತಿ ಮದ್ದಿನ ಡಬ್ಬಿ ಹಿಡಿದು ಇಲ್ಲಿಗೆ ಬಂದರು. ಒಂದೇ ಮನೆಯಲ್ಲಿ ಬೆಳೆದು, ಒಂದೇ ಶಾಲೆಗೆ ಹೋದ ಇಬ್ಬರ ನಡುವೆ ಸಂವಿಧಾನ ಎಳೆದ ಗೆರೆಯ ಹಿಂದೆ ಇರುವುದು ಇಷ್ಟು. ಯೋಚಿಸಿದರೆ, ನಮ್ಮಲ್ಲಿ ಹುಟ್ಟಿದ ಜಾಗಕ್ಕೂ ಊರಿಗೂ ಗಂಟು ಹಾಕುವ ಅಭ್ಯಾಸವೇ ಇಲ್ಲ. ಅಜ್ಜಿ ಮನೆಯಲ್ಲಿ ಹುಟ್ಟಿದ ಮಗು ಐದು ತಿಂಗಳಿಗೆ ತೊಟ್ಟಿಲ ಸಮೇತ ತನ್ನ ಮನೆಗೆ ಹೋಗುತ್ತದೆ. ‘ಯಾವೂರು ನಿಮ್ಮದು?’ ಎಂದು ಯಾರಾದರೂ ಕೇಳಿದರೆ ಮುಂದೆ ಅದು ಹೇಳುವುದು ಬೆಳೆದ ಊರನ್ನು, ಮನೆ ಹೊಲ ಇರುವ ಊರನ್ನು.

ಅಮೆರಿಕದಲ್ಲಿ ಈ ಪ್ರಶ್ನೆ ಅವಮಾನಕ್ಕೆ ನಿಂತಿತು. ಆಫ್ರಿಕದ ಎರಡು ದೇಶಗಳಲ್ಲಿ ಇದೇ ನಿಯಮವನ್ನು ಎದುರಾಳಿಯನ್ನು ಅಳತೆ ಮಾಡಿ ಹೊಲಿದರು. ಜಾಂಬಿಯಾಕ್ಕೆ ಸ್ವಾತಂತ್ರ್ಯ ತಂದು 27 ವರ್ಷ ಆಳಿದ ಕೆನೆತ್ ಕೌಂಡ ಅಧಿಕಾರ ಕಳೆದುಕೊಂಡ ಮೇಲೆ ಮತ್ತೆ ನಿಲ್ಲಲು ಹೊರಟರು. ಅಭ್ಯರ್ಥಿಯ ತಂದೆ ತಾಯಿ ಇಬ್ಬರೂ ಹುಟ್ಟಿನಿಂದ ಜಾಂಬಿಯಾದವರೇ ಆಗಿರಬೇಕೆಂದು 1996ರಲ್ಲಿ ಸಂವಿಧಾನ ತಿದ್ದಿದರು. ಕೌಂಡರ ತಂದೆ ತಾಯಿ ಇಂದಿನ ಮಲಾವಿಯಿಂದ ಬಂದವರು. ಐವರಿ ಕೋಸ್ಟ್‌ನಲ್ಲಿ ಪ್ರಧಾನಿಯಾಗಿದ್ದ ಅಲಸಾನ್ ಔಟಾರ ಅವರನ್ನು ಇಂಥದೇ ನಿಯಮದಡಿ 2000ದ ಚುನಾವಣೆಯಿಂದ ಹೊರಗಿಟ್ಟರು. ಅಭ್ಯರ್ಥಿಯ ಮೇಲಿನ ಅನುಮಾನ ಉತ್ತರದ ಸಾಮಾನ್ಯ ಜನರ ಮೇಲೂ ಹರಡಿತು. ನಿಜವಾದ ಐವರಿಯನ್ ಯಾರು ಎಂಬ ಜಗಳ 2002ರ ಅಂತರ್ಯುದ್ಧಕ್ಕೆ ಒಂದು ಮುಖ್ಯ ಕಾರಣವಾಯಿತು. ಔಟಾರ ಕೊನೆಗೆ 2010ರಲ್ಲಿ ಗೆದ್ದರು, ಆ ಗೆಲುವನ್ನು ಒಪ್ಪದ ಗಲಭೆಯಲ್ಲಿ ಸುಮಾರು 3,000 ಜನ ಸತ್ತರು. ಇಷ್ಟಾದ ಮೇಲೆ 2025ರಲ್ಲಿ, ಔಟಾರ ಅವರೇ ಅಧ್ಯಕ್ಷರಾಗಿರುವಾಗ, ಮುಖ್ಯ ಎದುರಾಳಿ ಟಿಜಾನ್ ತಿಯಾಮ್ ಅವರ ಹೆಸರು ಮತದಾರರ ಪಟ್ಟಿಯಿಂದ ಹೋಯಿತು. ಹಿಂದೆ ಫ್ರೆಂಚ್ ಪೌರತ್ವ ಪಡೆದಾಗಲೇ ಅವರು ಐವರಿ ಕೋಸ್ಟ್‌ನ ಪೌರತ್ವ ಕಳೆದುಕೊಂಡಿದ್ದರು ಎಂದು ನ್ಯಾಯಾಲಯ ಹೇಳಿತು. ಔಟಾರ ನಾಲ್ಕನೆಯ ಸಲ ಗೆದ್ದರು. ಹೊರಗೆ ನಿಂತಿದ್ದವರು ಒಳಗೆ ಬಂದರು. ಬಾಗಿಲು ಅಲ್ಲೇ ಇತ್ತು.

ನಮ್ಮ ಸಂವಿಧಾನ ಬರೆದವರ ಮುಂದೆ ಇಂಥ ಬಾಗಿಲು ಹಾಕಲು ಎಲ್ಲ ಕಾರಣಗಳೂ ಇದ್ದವು. ದೇಶ ಆಗಷ್ಟೇ ಎರಡಾಗಿತ್ತು. ಆದರೂ 58ನೆಯ ವಿಧಿ ರಾಷ್ಟ್ರಪತಿಯಾಗುವವರು ಭಾರತದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು ಎನ್ನುತ್ತದೆಯೇ ಹೊರತು ಎಲ್ಲಿ ಹುಟ್ಟಿದಿರಿ ಎಂದು ಕೇಳುವುದಿಲ್ಲ. ಪ್ರಧಾನಿ ಹುದ್ದೆಗೂ ಆ ಪ್ರಶ್ನೆ ಇಲ್ಲ. ಝೇಲಂನಲ್ಲಿ ಹುಟ್ಟಿದ ಐ.ಕೆ. ಗುಜ್ರಾಲ್, ಗಾಹ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಮನಮೋಹನ್ ಸಿಂಗ್ ಪ್ರಧಾನಿಗಳಾದರು. ಎರಡೂ ಊರುಗಳು ಈಗ ಪಾಕಿಸ್ತಾನದಲ್ಲಿವೆ. ಹಾಗೆಂದು ನಾವು ಅನುಮಾನದಿಂದ ಮುಕ್ತರಲ್ಲ. ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿಯವರ ಬಗ್ಗೆ 1999ರಲ್ಲಿ ಅವರ ಪಕ್ಷದೊಳಗೇ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರೀಖ್ ಅನ್ವರ್ ಇದೇ ಪ್ರಶ್ನೆ ಎತ್ತಿ ಹೊರಬಿದ್ದರು. ಆದರೆ ನಮ್ಮಲ್ಲಿ ಆ ವಾದವನ್ನು ಮತದಾರರ ಮುಂದೆ ಇಡಬೇಕು, ಅವರು ಒಪ್ಪಬಹುದು, ಬಿಡಬಹುದು. ನಾಮಪತ್ರದ ಅರ್ಜಿಯಲ್ಲೇ ಅದು ಮುಗಿದುಹೋಗುವುದಿಲ್ಲ.

2016ರಲ್ಲಿ ನಾನು, ನನ್ನ ಗಂಡ ಅಮೆರಿಕದ ಪೌರತ್ವ ಪಡೆದೆವು. ಮಗಳಿಗೆ ಆಗ ಹದಿನಾಲ್ಕು, ನಮ್ಮ ಜೊತೆಗೆ ತಾನಾಗಿಯೇ ನಾಗರಿಕಳಾದಳು. ಆ ಸಭೆಯಲ್ಲಿ ಹಲವು ದೇಶಗಳವರು ಬಲಗೈ ಎತ್ತಿ ಒಂದು ಪ್ರಮಾಣ ಹೇಳಿದೆವು. ಬೇರೆ ಯಾವ ರಾಜಕುಮಾರನಿಗೂ, ದೊರೆಗೂ, ದೇಶಕ್ಕೂ ಇನ್ನು ನನ್ನ ನಿಷ್ಠೆ ಇಲ್ಲ ಎಂಬ ಮಾತು ಅದರಲ್ಲಿದೆ. 1787ರಲ್ಲಿ ಕಾಡುತ್ತಿದ್ದ ಅದೇ ವಿದೇಶಿ ರಾಜಕುಮಾರ! ಕೈ ಎತ್ತಿ ಅವನನ್ನು ನಿರಾಕರಿಸುವುದು ಹೊರಗಿನಿಂದ ಬಂದವರು ಮಾತ್ರ. ಅಲ್ಲೇ ಹುಟ್ಟಿದ ನನ್ನ ಮಗನಿಗೆ ಆ ಪ್ರಮಾಣವನ್ನು ಯಾರೂ ಹೇಳಿಸಿಲ್ಲ, ಹೇಳಿಸುವುದೂ ಇಲ್ಲ.

ಮಗಳು ಈಗ ದೊಡ್ಡವಳು, ಪ್ರತಿ ಚುನಾವಣೆಯಲ್ಲೂ ತಪ್ಪದೆ ಮತ ಹಾಕುತ್ತಾಳೆ. ಅಧ್ಯಕ್ಷಳಾಗುವ ಆಸೆ ಅವಳಿಗೆ ಎಂದೂ ಇರಲಿಲ್ಲ. ಆಸೆ ಇಲ್ಲದ್ದರಿಂದ ನಷ್ಟವೇನೂ ಇಲ್ಲ ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೇಡ ಎಂದು ಬಿಡುವುದಕ್ಕೂ ಅದು ಮೊದಲು ನಮ್ಮ ಪಾಲಿಗೆ ಇರಬೇಕು.