ಹಾಡುವವರಿಲ್ಲದ ವಾದ್ಯಗೋಷ್ಠಿ

‘ವಾದ್ಯಗೋಷ್ಠಿ’ ಎಂಬ ಪದದ ಅರ್ಥವು ನಮ್ಮ ನಾಡಿನಲ್ಲಿ ತಲೆಕೆಳಗಾಗಿರುವುದನ್ನು ವಾಚಕರು ಗಮನಿಸಿರಬಹುದು. ವಾದ್ಯಗಳು ಕೂಡಿ ನುಡಿಯುವುದೇ ವಾದ್ಯಗೋಷ್ಠಿ. ಆದರೆ ಇಂದು ಮದುವೆಯ ಆಹ್ವಾನಪತ್ರಿಕೆಯಲ್ಲಿ ಆ ಪದವನ್ನು ಕಂಡವರು ಚಲನಚಿತ್ರಗೀತೆಗಳನ್ನು ಹಾಡುವ ಗಾಯಕ ಗಾಯಕಿಯರನ್ನೇ ನಿರೀಕ್ಷಿಸುವರು. ಈ ಮಾರ್ಪಾಟಿನಿಂದ ನನಗುಂಟಾದ ವ್ಯಸನವನ್ನೂ, ಅದರಲ್ಲಿ ನನ್ನ ಪಾಲಿನ ತಪ್ಪನ್ನೂ ಇಲ್ಲಿ ನಿವೇದಿಸಿಕೊಳ್ಳುವೆನು.

ನಾನು ಗುಬ್ಬಿಯಲ್ಲಿ ಬಾಲಿಕೆಯಾಗಿದ್ದಾಗ ನಮ್ಮ ಬೀದಿಯ ಮದುವೆಗಳಿಗೆ ಆರು ಮಂದಿಯ ಒಂದು ಮೇಳವು ಬರುತ್ತಿದ್ದಿತು. ಎರಡು ಕ್ಲಾರಿಯೋನೆಟ್, ಒಂದು ಸ್ಯಾಕ್ಸೋಫೋನ್, ಒಂದು ಟ್ರಂಪೆಟ್, ಎರಡು ಡ್ರಮ್ಮು. ಹಾಡುವವರು ಯಾರೂ ಇರಲಿಲ್ಲ. ಸಂಜೆ ಚಪ್ಪರದ ಕೆಳಗೆ ಜಮಖಾನದ ಮೇಲೆ ಕುಳಿತು ಅವರು ಮೊದಲು ಒಂದೆರಡು ಕೀರ್ತನೆಗಳನ್ನೂ, ಬಳಿಕ ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆಯನ್ನೂ ನುಡಿಸುವರು. ಮುಖ್ಯ ಕ್ಲಾರಿಯೋನೆಟ್ಟಿನವರು ಒಂದು ಸಾಲನ್ನು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನ ಪದಗಳು ಕೇಳುವವರ ಮನಸ್ಸಿನಲ್ಲಿ ತಾವಾಗಿಯೇ ಮೂಡುತ್ತಿದ್ದುವು. ಮದುಮಗಳ ತಾಯಿಗೆ ಅದರಲ್ಲಿ ಅಗಲಿಕೆಯು ಕೇಳಿಸುತ್ತಿದ್ದಿತು. ನಮ್ಮಂಥ ಮಕ್ಕಳಿಗೆ ಕೆರೆಯ ನೀರೇ ಕಾಣುತ್ತಿದ್ದಿತು.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳ ವಿವಾಹಕ್ಕೆಂದು ಕುಣಿಗಲಿಗೆ ಹೋಗಿದ್ದಾಗ, ಫಲಕದ ಮೇಲಿನ ಹೆಸರಿನಿಂದ ಅದೇ ಮೇಳವೆಂದು ತಿಳಿದು ಹಿಗ್ಗಿದೆನು. ಆದರೆ ವೇದಿಕೆಯ ಮುಂದೆ ಇಬ್ಬರು ತರುಣ ಗಾಯಕರು ಮೈಕು ಹಿಡಿದು ನಿಂತಿದ್ದರು. ಕ್ಲಾರಿಯೋನೆಟ್ಟಿನ ಆ ಹಿರಿಯರು ಹಿಂದೆ, ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಪಲ್ಲವಿಗೂ ಚರಣಕ್ಕೂ ನಡುವೆ ನಾಲ್ಕು ಸ್ವರಗಳನ್ನು ನುಡಿಸಿ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹಾಡಿದವರ ಕಂಠವೇನೂ ಕೆಟ್ಟದ್ದಾಗಿರಲಿಲ್ಲ. ಆದರೂ ನನಗೆ ಅಂದು ಊಟ ರುಚಿಸಲಿಲ್ಲ.

ಎಲ್ಲವೂ ಮುಗಿದ ಮೇಲೆ, “ಯಜಮಾನರೇ, ಹೀಗೇಕೆ ಮಾಡಿದಿರಿ?” ಎಂದು ಕೇಳಿಯೇಬಿಟ್ಟೆನು.

“ಹಾಡುವವರಿಲ್ಲವೆಂದರೆ ಯಾರೂ ಮುಂಗಡ ಕೊಡುವುದಿಲ್ಲ, ತಾಯಿ. ಆರು ಮನೆಯ ಒಲೆ ಉರಿಯಬೇಕಲ್ಲ” ಎಂದರು. ಸ್ವಲ್ಪ ತಡೆದು, “ತಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆಂದು ವಿಚಾರಿಸಲು ಬಂದಿದ್ದಾಗ ತಾವೂ ಅದನ್ನೇ ಕೇಳಿದಿರಿ” ಎಂದರು.

ಆ ಮಾತು ನಿಜ. ಮೂರು ವರ್ಷಗಳ ಹಿಂದೆ ತುಮಕೂರಿನಲ್ಲಿ, ನನ್ನ ಮೇಜಿನ ಮುಂದೆ ನಿಂತವರ ಮುಖವನ್ನೂ ಸರಿಯಾಗಿ ನೋಡದೆ, “ಹಾಡುವವರು ಎಷ್ಟು ಮಂದಿ?” ಎಂದು ಕೇಳಿ, ಇಲ್ಲವೆಂದೊಡನೆ ಕಳುಹಿಸಿಬಿಟ್ಟವಳು ನಾನೇ.

ಇಂಥ ಮಾರ್ಪಾಟು ನಮ್ಮಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಹುಟ್ಟಿದ ‘ಜಾಝ್ ಕ್ರುಸೇಡರ್ಸ್’ ಎಂಬ ವಾದ್ಯಮೇಳವು 1971ರಲ್ಲಿ ತನ್ನ ಹೆಸರಿನಿಂದ ‘ಜಾಝ್’ ಎಂಬುದನ್ನು ಕೈಬಿಟ್ಟಿತು. 1979ರಲ್ಲಿ ರ‍್ಯಾಂಡಿ ಕ್ರಾಫರ್ಡ್ ಎಂಬ ಗಾಯಕಿಯು ಹಾಡಿದ ‘ಸ್ಟ್ರೀಟ್ ಲೈಫ್’ ಎಂಬ ಗೀತೆಯು ಅದಕ್ಕೆ ದೊಡ್ಡ ಪ್ರಸಿದ್ಧಿಯನ್ನು ತಂದಿತು. ಹೊಟ್ಟೆಪಾಡಿಗೂ ಹೆಸರಿಗೂ ದುಡಿಯುವವರನ್ನು ಹಳಿಯುವುದು ಸುಲಭ. ಆದರೆ ವಾದ್ಯಕ್ಕೆ ಮಾತಿನ ಆಸರೆಯು ಬೇಕೇ ಬೇಕೆಂಬುದು ಸರಿಯಲ್ಲ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನಿಗೆ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅಲ್ಲಿ ಕುಳಿತಿದ್ದವರಲ್ಲಿ ಎಷ್ಟು ಮಂದಿಗೆ ಆ ಕೀರ್ತನೆಗಳ ಭಾಷೆಯು ಬರುತ್ತಿದ್ದಿತು?

ಈ ಸಂಚಿಕೆಯು ತಮ್ಮ ಕೈಸೇರುವ ದಿನದ ಸಂಜೆ ಆ ಹಿರಿಯರೂ, ಹಳೆಯ ಮೇಳದಲ್ಲಿ ಉಳಿದಿರುವ ಇನ್ನಿಬ್ಬರೂ, ಹಾಡುವವರಿಲ್ಲದೆ, ನಮ್ಮ ಶಾಲೆಯ ಅಂಗಳದಲ್ಲಿ ಅರ್ಧ ಗಂಟೆಯ ಕಾಲ ನುಡಿಸುವರು. ಮುಂಗಡವನ್ನು ನಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದಿದ್ದೇನೆ. ಪ್ರಿಯ ಬಾಲಿಕೆಯರೇ, ಮೊದಲ ಐದು ನಿಮಿಷ ನಿಮಗೆ ಬೇಸರವಾಗಬಹುದು; ಎದ್ದು ಹೋಗಬೇಡಿರಿ. ಅವರು ನುಡಿಸುವುದನ್ನು ಬಿಟ್ಟುದು ನಾವು ಕೇಳುವುದನ್ನು ಬಿಟ್ಟ ಮೇಲೆಯೇ ಎಂಬುದನ್ನು ನಿಮ್ಮ ಮುಖ್ಯೋಪಾಧ್ಯಾಯಿನಿಯು ತಡವಾಗಿ ಕಲಿತಳು. ನೀವು ಇಂದೇ ಕಲಿಯಿರಿ.